ಅರಿಸ್ಟಾಟಲ್ ಹೇಳಿದ ವಿಜ್ಞಾನ ತಪ್ಪಾದ ಮೇಲೆ ಅವನನ್ನು ಈಗ ಯಾಕೆ ಓದಬೇಕು?

ಯೋಚನೆ ಹುಟ್ಟುವುದು ಹೃದಯದಲ್ಲಿ ಎಂದವನು, ಹೆಂಗಸರಿಗೆ ಗಂಡಸರಿಗಿಂತ ಹಲ್ಲು ಕಡಿಮೆ ಎಂದು ಬರೆದವನು. ಅಂಥವನನ್ನು ಓದಿ ಏನು ಸಿಗುತ್ತದೆ ಎಂದು ಕೇಳಿದ್ದೀರಿ. ಎರಡೂ ತಪ್ಪುಗಳು ಅವನವೇ, ಆದರೆ ಎರಡೂ ಒಂದೇ ಬಗೆಯವಲ್ಲ. ಹಲ್ಲಿನ ಮಾತು ಹತ್ತಾರು ಜನರ ಬಾಯಿ ತೆರೆಸಿ ಎಣಿಸಿದ್ದರೆ ಬಿದ್ದುಹೋಗುತ್ತಿತ್ತು. ಹೃದಯದ ಮಾತಿನ ಹಿಂದೆ ಮಾತ್ರ ಕಣ್ಣಾರೆ ಕಂಡ ಒಂದು ಸಂಗತಿಯಿದೆ. ನನ್ನ ಮಟ್ಟಿಗೆ ಅವನನ್ನು ಓದಲು ಅದೇ ಕಾರಣ.

ಪ್ರಾಣಿಗಳ ಬಗ್ಗೆ ಅವನು ಬರೆದ 'ಹಿಸ್ಟೋರಿಯಾ ಅನಿಮಾಲಿಯಂ' ಗ್ರಂಥದ 6ನೇ ಪುಸ್ತಕದಲ್ಲಿ ಕೋಳಿಮೊಟ್ಟೆಯ ವರ್ಣನೆ ಬರುತ್ತದೆ. ಮೂರು ಹಗಲು ಮೂರು ರಾತ್ರಿ ಕಾವು ಸಿಕ್ಕ ಮೇಲೆ ರಕ್ತದ ಚುಕ್ಕೆಯಷ್ಟು ಹೃದಯ ಕಾಣುತ್ತದೆ, ಜೀವವಿರುವ ಹಾಗೆ ಮಿಡಿಯುತ್ತದೆ, ಅದರಿಂದ ಎರಡು ರಕ್ತನಾಳಗಳು ಸುತ್ತಿಬಳಸಿ ಹೊರಡುತ್ತವೆ. 10ನೇ ದಿನ ಅಂಗಗಳೆಲ್ಲ ಗುರುತು ಸಿಗುತ್ತವೆ. ತಲೆ ಇನ್ನೂ ಮೈಗಿಂತ ದೊಡ್ಡದು. 20ನೇ ದಿನದ ಹೊತ್ತಿಗೆ ಒಡೆದು ಮುಟ್ಟಿದರೆ ಮರಿ ಅಲುಗಿ ಚಿಂವ್‌ಗುಡುತ್ತದೆ. ಈ ವಿಧಾನ ಅವನೊಬ್ಬನದಲ್ಲ. 20 ಅಥವಾ ಹೆಚ್ಚು ಮೊಟ್ಟೆಗಳನ್ನು ಎರಡು-ಮೂರು ಹೇಂಟೆಗಳ ಕೆಳಗೆ ಕಾವಿಗಿಟ್ಟು, ಎರಡನೇ ದಿನದಿಂದ ದಿನಕ್ಕೊಂದು ಒಡೆದು ನೋಡಿ ಎಂಬ ಸಲಹೆ ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರಾಟಿಸ್ ಹೆಸರಿನ ವೈದ್ಯಗ್ರಂಥಗಳಲ್ಲಿದೆ.

ನೀವು ಒಡೆಯದೆಯೂ ನೋಡಬಹುದು. ಅಂಗಡಿಯ ಫಾರಂ ಮೊಟ್ಟೆ ಆಗದು. ಹುಂಜದ ಜೊತೆ ಬಿಡದ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ಕಾವಿಗಿಟ್ಟರೂ ಕೊಳೆಯುತ್ತದೆ, ಅಷ್ಟೆ. ಹುಂಜವಿರುವ ಮನೆಯ ನಾಟಿ ಮೊಟ್ಟೆ ಬೇಕು. ಕಾವಿಗಿಟ್ಟ ಏಳನೇ ದಿನ ಕತ್ತಲಕೋಣೆಯಲ್ಲಿ ದಪ್ಪ ತುದಿಗೆ ಟಾರ್ಚ್ ಹಿಡಿದರೆ ನಡುವೆ ಕಪ್ಪು ಚುಕ್ಕೆ, ಸುತ್ತ ಜೇಡರ ಬಲೆಯಂತೆ ಕೆಂಪು ನಾಳಗಳು. ಕಂದು ಚಿಪ್ಪಿನದಾದರೆ ಇಷ್ಟು ಬೇಗ ಸ್ಪಷ್ಟವಾಗಿ ಕಾಣದಿರಬಹುದು, ಇನ್ನೆರಡು ದಿನ ಕಾಯಿರಿ.

ಮೊದಲು ಮಿಡಿದದ್ದು ಹೃದಯ, ಹಾಗಾದರೆ ಅರಿವಿನ ಮೂಲವೂ ಅದೇ ಎಂದು ಅವನು ತೀರ್ಮಾನಿಸಿದ. ಮಿದುಳಿಗೆ ಉಳಿದದ್ದು ಹೃದಯದ ಬಿಸಿ ತಣಿಸುವ ಕೆಲಸ. ನೋಟ ಸರಿ, ಜಿಗಿತ ತಪ್ಪು. ಕ್ರಿ.ಶ. 2ನೇ ಶತಮಾನದಲ್ಲಿ ಗ್ಯಾಲೆನ್ ಎಂಬ ವೈದ್ಯ ಹಂದಿಯ ಗಂಟಲಿನ ನರಗಳನ್ನು ತಡೆದು ಅದರ ಕೂಗು ನಿಲ್ಲಿಸಿ, ದನಿಯ ಹಿಡಿತ ಮಿದುಳಿನದು ಎಂದು ತೋರಿಸಿದ. ರಾಜ್ಯಾಡಳಿತದ ಬಗ್ಗೆ ಅರಿಸ್ಟಾಟಲ್ ಬರೆದ 'ಪಾಲಿಟಿಕ್ಸ್'ನಲ್ಲಿ ಕೆಲವರು ಹುಟ್ಟಿನಿಂದಲೇ ಗುಲಾಮರು ಎಂದದ್ದೂ ಇದೇ ಜಿಗಿತ: ಊರಲ್ಲಿ ಕಂಡದ್ದನ್ನು ಪ್ರಕೃತಿಯ ನಿಯಮವೆಂದು ಬಗೆದ. ಇದರ ಹಾನಿ ಹಲ್ಲಿನ ಲೆಕ್ಕದ ಹಾಗೆ ಸಣ್ಣದಲ್ಲ, ಇದಕ್ಕೆ ನಾನು ರಿಯಾಯಿತಿ ಕೊಡಲಾರೆ.

ಕೈಯಿಟ್ಟು ನೋಡುವ ಅಭ್ಯಾಸಕ್ಕೆ ಮನೆಯ ಹಿನ್ನೆಲೆಯೂ ಇತ್ತು. ಅರಿಸ್ಟಾಟಲ್ ಹುಟ್ಟಿದ್ದು ಕ್ರಿ.ಪೂ. 384ರಲ್ಲಿ, ಸ್ಟಗಿರಾ ಎಂಬ ಗ್ರೀಕ್ ಊರಿನಲ್ಲಿ; ಅವನ ತಂದೆ ಮ್ಯಾಸಿಡೋನಿಯದ ಆಸ್ಥಾನವೈದ್ಯ. ಹದಿನೇಳರಲ್ಲಿ ಪ್ಲೇಟೋನ ಅಕಾಡೆಮಿ ಎಂಬ ಶಾಲೆ ಸೇರಿ 20 ವರ್ಷ ಅಲ್ಲಿದ್ದ. ಆಮೇಲೆ ಲೆಸ್ಬೋಸ್ ದ್ವೀಪದಲ್ಲಿ, ಪಿರ್ರಾದ ಕೊಲ್ಲಿಯ ಜಲಚರಗಳನ್ನು ಗಮನಿಸಿದ. ಒಂದು ಜಾತಿಯ ಸಣ್ಣ ಶಾರ್ಕ್‌ನ ಮರಿಗಳು ಹೊಕ್ಕುಳಬಳ್ಳಿಯಿಂದ ತಾಯಿಯ ಗರ್ಭಕ್ಕೆ ಅಂಟಿಕೊಂಡಿರುತ್ತವೆ ಎಂದು ಅವನು ಬರೆದದ್ದನ್ನು 1842ರಲ್ಲಿ ಯೋಹಾನೆಸ್ ಮುಲ್ಲರ್ ಎಂಬ ಜರ್ಮನ್ ವಿಜ್ಞಾನಿ ನಿಜವೆಂದು ತೋರಿಸಿಕೊಟ್ಟ. ಅಲೆಕ್ಸಾಂಡರನಿಗೆ ಗುರುವಾದದ್ದು, ಅಥೆನ್ಸ್‌ನಲ್ಲಿ ಲೈಸಿಯಂ ಎಂಬ ತನ್ನದೇ ಶಾಲೆ ಕಟ್ಟಿದ್ದು ಇದರ ನಂತರ.

ಓದಲು ಮೊದಲೇ, ಇರವಿನ ಮೂಲವನ್ನು ಚರ್ಚಿಸುವ ಅವನ 'ಮೆಟಾಫಿಸಿಕ್ಸ್' ಹಿಡಿಯಬೇಡಿ. ನಮಗೆ ಉಳಿದಿರುವುದು ಬಹುಪಾಲು ಪಾಠದ ಟಿಪ್ಪಣಿಗಳು; ಅಲ್ಲಿ ವಾಕ್ಯಗಳು ಅರ್ಧಕ್ಕೆ ನಿಂತಂತಿರುತ್ತವೆ, ಹೊಸಬರು ಹತ್ತು ಪುಟಕ್ಕೆ ಕೈಬಿಡುತ್ತಾರೆ. ಒಳ್ಳೆಯ ಅನುವಾದಗಳ ಅಂಚಿನಲ್ಲಿ ಬೆಕ್ಕರ್ ಸಂಖ್ಯೆ ಇರುತ್ತದೆ, 1831ರ ಬರ್ಲಿನ್ ಆವೃತ್ತಿಯ ಪುಟಸಂಖ್ಯೆ ಅದು. 561 ಹುಡುಕಿ, ಮೊಟ್ಟೆ ಅಲ್ಲಿದೆ. ಆಮೇಲೆ ಪ್ರಾಣಿಗಳ ಹುಟ್ಟಿನ ಬಗೆಗಿನ ಇನ್ನೊಂದು ಗ್ರಂಥ 'ಜನರೇಷನ್ ಆಫ್ ಅನಿಮಲ್ಸ್'ನಲ್ಲಿ 760: ಜೇನುನೊಣಗಳ ಹುಟ್ಟಿನ ಬಗ್ಗೆ ತನ್ನ ವಾದವನ್ನೆಲ್ಲ ಹೇಳಿ, ಸಂಗತಿಗಳು ಇನ್ನೂ ಸಾಕಷ್ಟು ತಿಳಿದಿಲ್ಲ, ತಿಳಿದಾಗ ವಾದಕ್ಕಿಂತ ಕಂಡದ್ದನ್ನೇ ನಂಬಬೇಕು ಎಂದು ಅವನೇ ಬರೆದಿದ್ದಾನೆ.