ಯುದ್ಧ ಮುಗಿದ ಮೇಲಿನ ಸಿನಿಮಾ

ಪ್ರಶ್ನೆ: ಸೇನೆಯಿಂದ ನಿವೃತ್ತರಾದ ನಮ್ಮ ಮಾವ ದೀಪಾವಳಿ ಪಟಾಕಿಯ ಸದ್ದಿಗೆ ಇಂದಿಗೂ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಯುದ್ಧದ ಸಿನಿಮಾಗಳು ಇಂಥ ನೋವನ್ನು ತೋರಿಸುವುದಿಲ್ಲವೇ?
– ಓದುಗರು, ಮಲ್ಪೆ, ಉಡುಪಿ

ಉತ್ತರ: ತೋರಿಸಿವೆ. 1946ರ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ ಊರಿಗೆ ಮರಳಿದ ಮೂವರು ಯೋಧರ ಕಥೆ. ಸೇನೆಯಲ್ಲಿದ್ದಾಗ ಸ್ಫೋಟದಲ್ಲಿ ನಿಜವಾಗಿಯೂ ಎರಡೂ ಕೈ ಕಳೆದುಕೊಂಡಿದ್ದ ಹೆರಾಲ್ಡ್ ರಸೆಲ್ ಅದರಲ್ಲಿ ನಟಿಸಿದ್ದಾರೆ. ಮಲಗುವ ಮುನ್ನ ಕೃತಕ ಕೈಗಳನ್ನು ಕಳಚಿಟ್ಟು, ಈ ಬಾಗಿಲು ಮುಚ್ಚಿಕೊಂಡರೆ ತಾನಿನ್ನು ತೆರೆಯಲಾರೆನೆಂದು ಪ್ರೇಯಸಿಗೆ ಹೇಳುವಾಗ, ಆಕೆ ಅವರ ಅಂಗಿಯ ಗುಂಡಿ ಹಾಕುವ ದೃಶ್ಯಕ್ಕಿಂತ ದೊಡ್ಡ ಯುದ್ಧಚಿತ್ರಣವನ್ನು ನಾನು ಕಂಡಿಲ್ಲ. ನಾಗರಿಕರ ಪಾಡಿಗೆ, ಜಪಾನಿನ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ (1988) ನೋಡಿ: ಅಣ್ಣ-ತಂಗಿಯ ಈ ಕಥೆಯಲ್ಲಿ ತಂಗಿಯ ಪೆಪ್ಪರ್‌ಮಿಂಟ್ ಡಬ್ಬಿಯಲ್ಲೇ ಕೊನೆಗೆ ಅವಳ ಅಸ್ಥಿ ಉಳಿಯುತ್ತದೆ. ಮಾವನವರನ್ನು ಮಾತ್ರ ಒತ್ತಾಯಿಸಿ ಕೂರಿಸಬೇಡಿ. ಅವರು ಒಪ್ಪಿದರೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ, ಈ ಬಾಧೆಗೆ ಚಿಕಿತ್ಸೆಯಿದೆ.