ಥ್ಯಾಡಿಯಸ್ ಸ್ಟೀವನ್ಸ್ ಯಾರು? ಅಮೆರಿಕದ ಇತಿಹಾಸದಲ್ಲಿ ಅವರಿಗೆ ಯಾಕೆ ಅಷ್ಟು ಮಹತ್ವ?

ಗುಲಾಮಗಿರಿ ಹೋಗಿದ್ದು ಅಂದರೆ ಎಲ್ಲರೂ ಲಿಂಕನ್ ಹೆಸರು ಹೇಳುತ್ತಾರೆ, ಆದರೆ ಸಂಸತ್ತಿನೊಳಗೆ ಅದಕ್ಕಾಗಿ ಹಠ ಹಿಡಿದು ಬಡಿದಾಡಿದವರಲ್ಲಿ ಸ್ಟೀವನ್ಸ್ ಮುಂದಿದ್ದರು. ಹುಟ್ಟಿದ್ದು 1792ರಲ್ಲಿ, ವರ್ಮಾಂಟ್‌ನ ಬಡ ಮನೆಯಲ್ಲಿ. ಹುಟ್ಟಿನಿಂದಲೇ ಒಂದು ಪಾದ ಸೊಟ್ಟ. ಅಪ್ಪ ಮನೆ ಬಿಟ್ಟು ಹೋದ ಮೇಲೆ ಅಮ್ಮನೇ ದುಡಿದು ಓದಿಸಿದರು. ಮುಂದೆ ಪೆನ್ಸಿಲ್ವೇನಿಯಾಗೆ ಹೋಗಿ ವಕೀಲರಾದರು.

ನನಗೆ ತುಂಬಾ ಇಷ್ಟವಾಗುವುದು ಅವರ 1835ರ ಕೆಲಸ. ಆ ರಾಜ್ಯದ ಉಚಿತ ಶಾಲೆಗಳ ಕಾಯ್ದೆಯನ್ನು, ತೆರಿಗೆ ಹೊರೆ ಜಾಸ್ತಿ ಅಂತ, ರದ್ದು ಮಾಡಲು ಹೊರಟಿದ್ದರು; ಸ್ಟೀವನ್ಸ್ ಎದ್ದು ನಿಂತು ಮಾಡಿದ ಭಾಷಣದಿಂದ ಅದು ಉಳಿಯಿತು. ಬಡವರ ಮಕ್ಕಳ ಓದು ಅಲ್ವಾ, ಅದು ಅವರಿಗೆ ಬರೀ ರಾಜಕೀಯ ಆಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ರಾಜ್ಯದ ಹೊಸ ಸಂವಿಧಾನ ಕಪ್ಪು ಜನರ ಮತದ ಹಕ್ಕು ಕಿತ್ತುಕೊಂಡಾಗ ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ.

ಅಂತರ್ಯುದ್ಧದ ಕಾಲಕ್ಕೆ ಪ್ರತಿನಿಧಿ ಸಭೆಯ ಹಣಕಾಸು ಸಮಿತಿಯ ಅಧ್ಯಕ್ಷರು, ಅಂದರೆ ಯುದ್ಧಕ್ಕೆ ದುಡ್ಡು ಹೊಂದಿಸುವ ಹೊಣೆ ಅವರದೇ. 1863ರಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾಗಿದ್ದ ದಕ್ಷಿಣದ ರಾಜ್ಯಗಳ ಸೈನ್ಯ ಅವರ ಕಬ್ಬಿಣದ ಕಾರ್ಖಾನೆಯನ್ನೇ ಸುಟ್ಟು ಹಾಕಿತು. ಅವರು ಜಗ್ಗಲಿಲ್ಲ. ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಟ್ಟ, ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯ ಹಿಂದೆ ಅವರ ದುಡಿಮೆ ದೊಡ್ಡದು. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಮೇಲೆ ಮಹಾಭಿಯೋಗ ತರುವಲ್ಲೂ ಮುಂದಿದ್ದರು, ಸೆನೆಟ್‌ನಲ್ಲಿ ಒಂದೇ ಮತ ಸಾಲದೆ ಅದು ಬಿದ್ದುಹೋಯಿತು. ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು.

ದೊಡ್ಡ ಜಮೀನ್ದಾರರ ಭೂಮಿ ಕಿತ್ತು, ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ತಲಾ 40 ಎಕರೆ ಕೊಡಬೇಕು ಅನ್ನುವ ಅವರ ಯೋಜನೆಗೆ ಸಂಸತ್ತು ಒಪ್ಪಲಿಲ್ಲ. ನನ್ನ ಪ್ರಕಾರ ಆಗಿನ ದೊಡ್ಡ ತಪ್ಪು ಅದೇ, ಯಾಕೆಂದರೆ ಭೂಮಿ ಇಲ್ಲದವರು ಮತ್ತೆ ಹಳೇ ಧಣಿಗಳ ಹೊಲದಲ್ಲೇ ಪಾಲಿಗೆ ದುಡಿಯಬೇಕಾಯಿತು.