ರ‍್ಯಾಂಕ್ ಏರಿತು ಅಂದ್ರ ಹಕ್ಕು ಸಿಕ್ತು ಅಂತಲ್ಲ, ತಂಗಿ

ತಂಗಿ, ಶರಣು.

ಸುರಪುರದಿಂದ ನೀ ಕಳ್ಸಿದ 'ಭಾರತದ ಸಾಮಾಜಿಕ ಪ್ರಗತಿ ಮತ್ತು ಮಾನವ ಹಕ್ಕು' ಲೇಖನ ಎರಡ್ ಸಲ ಓದೀನಿ, ಮುಂಜಾನೆ ಒಮ್ಮೆ, ರಾತ್ರಿ ಒಮ್ಮೆ. ಈಗ ಇದ್ದಂಗ ಅಚ್ಚಿಗಿ ಹಾಕ್ಲಾಕ ಬರಲ್ಲ. ಆದ್ರ ಬಿಟ್ಟುಬಿಡು ಅಂತ ಹೇಳ್ತಿಲ್ಲ, ತಿದ್ದಿ ಬರಿ ಅಂತ ಹೇಳ್ಲಾಕೇ ಇಷ್ಟುದ್ದ ಬರೀಲತ್ತೀನಿ, ಯಾಕಂದ್ರ ಕಲಬುರಗಿ, ಬೀದರ್, ಯಾದಗಿರಿ ಕಡಿಂದ ಈ ವಿಷಯ ಬರಿಯೋರು ಭಾಳ ಕಮ್ಮಿ.

ಮೊದ್ಲು ಲೆಕ್ಕದ ತಪ್ಪು. ಸೊನ್ನೆಯಿಂದ ಒಂದರ ತನ ಅಳಿಯೋ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕದಾಗ ಭಾರತ ಒಂದೇ ವರ್ಷದಾಗ 0.644ರಿಂದ 0.685ಕ್ಕ ಜಿಗಿದದ, ಅದಕ್ಕ ಜನರ ಹಕ್ಕೂ ಸುಧಾರಿಸ್ಯಾವ ಅಂತ ಬರ್ದೀದಿ. ಎರಡೂ ನಂಬರ್ ಖರೇನೇ, ಆದ್ರ ಎರಡೂ ಬ್ಯಾರೆ ಬ್ಯಾರೆ ವರದಿಯವು. 2022ರ ಸಾಲಿಗೆ ಮೊದಲಿನ ವರದಿ 0.644 ಅಂತ ಕೊಟ್ಟಿತ್ತು, 134ನೇ ಸ್ಥಾನ. 2025ರಾಗ ಬಂದ ವರದಿ ಹೊಸ ಅಂಕಿ ತಗೊಂಡು ಅದೇ 2022ಕ್ಕ 0.676 ಅಂತ ತಿದ್ದಿತು, 2023ಕ್ಕ 0.685 ಕೊಟ್ಟಿತು, ಸ್ಥಾನ 130. ಅಂದ್ರ ಒಂದು ವರ್ಷದ ಏರಿಕೆ 0.009 ಅಷ್ಟೇ. ತೊಗರಿ ಚೀಲ ಒಮ್ಮೆ ಊರಿನ ತಕ್ಕಡ್ಯಾಗ ತೂಗಿ, ಇನ್ನೊಮ್ಮೆ ಕಲಬುರಗಿ ಅಡತಿ ಅಂಗಡ್ಯಾಗ ತೂಗಿ, ನಡುವಿನ ಫರಕು ನೋಡಿ ಬೆಳಿ ಹೆಚ್ಚಾಯ್ತು ಅಂದ್ರ ನಿಮ್ಮಪ್ಪ ಒಪ್ತಾನೇನು? ಹೋಲಿಸಬೇಕಂದ್ರ ಒಂದೇ ವರದಿ ಒಳಗಿನ ಎರಡು ವರ್ಷ ಹೋಲಿಸು.

ಇನ್ನ ಆ ಸೂಚ್ಯಂಕದಾಗ ಏನೈತಿ ಅಂತ ನೀ ಎಲ್ಲೂ ಹೇಳಿಲ್ಲ. 1990ರಾಗ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವ್ರು ಅಮರ್ತ್ಯ ಸೇನ್ ಜೋಡಿ ಸೇರಿ ತಂದಿದ್ದು ಅದು, ಬರೀ ದೇಶದ ರೊಕ್ಕ ಎಣಿಸೋದು ಸಾಕು ಅಂತ. ಎಷ್ಟು ವರ್ಷ ಬದುಕ್ತಾರ, ಎಷ್ಟು ವರ್ಷ ಸಾಲಿ ಕಲೀತಾರ, ತಲಾ ಆದಾಯ ಎಷ್ಟು, ಈ ಮೂರೇ. 2010ರ ತನ ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸ್ತಿದ್ರು, ಆಮ್ಯಾಲ ಗುಣಿಸಿ ಘನಮೂಲ ತಗಿಲಾಕ ಹತ್ಯಾರ. ಒಂದು ದೇಶಕ್ಕ 0.9, 0.9, 0.3 ಬಂತು ಅನ್ನು, ಹಳೇ ಲೆಕ್ಕದಾಗ 0.7, ಹೊಸದ್ರಾಗ 0.624. ರೊಕ್ಕ ಐತಿ ಅಂತ ಸಾಲಿ ಇಲ್ದಿದ್ದು ಮುಚ್ಚಿಹೋಗಬಾರ್ದು, ಅದಕ್ಕ. ಇಂಥದ್ದನ್ನ ಬಿಡಿಸಿ ಬರಿ, ಓದೋರಿಗಿ ಬೇಕಾಗಿದ್ದು ಇದೇ.

ಆದ್ರ ನೋಡು, ಈ ಮೂರ್ರಾಗ ಹಕ್ಕು ಎಲ್ಲದ? ಠಾಣಾದಾಗ ಹೊಡಿಸ್ಕೊಂಡೋನು ಇಲ್ಲ, ಊರ ಬಾವಿ ನೀರು ಮುಟ್ಲಾಕ ಬಿಡದ ಕೇರಿ ಇಲ್ಲ, ಬಾಯಿ ಬಿಟ್ಟು ಮಾತಾಡಿದ್ರ ಏನಾಗ್ತದ ಅನ್ನೋದೂ ಇಲ್ಲ. 1991ರಾಗ ಅದೇ ವರದಿಯೋರು ಒಂದು ಸ್ವಾತಂತ್ರ್ಯ ಸೂಚ್ಯಂಕನೂ ಪ್ರಕಟ ಮಾಡಿದ್ರು, ದೇಶಗಳು ತಕರಾರು ತಗದ್ವು, ಮುಂದ ಅದನ್ನ ಕೈಬಿಟ್ರು. ಹಂಗಾಗಿ ರ‍್ಯಾಂಕ್ ನೋಡಿ ಹಕ್ಕಿನ ತೀರ್ಪು ಕೊಡೋದು ಆಗೋ ಮಾತಲ್ಲ. ಬ್ಯಾರೆ ದೇಶ ಕೆಳಗ ಬಿದ್ರೂ ನಮ್ಮ ರ‍್ಯಾಂಕ್ ಏರ್ತದ. ಹಕ್ಕು ಹಂಗ ಏರಲ್ಲ, ಅದು ಒಬ್ಬೊಬ್ಬರಿಗೆ ಸಲ್ಲಬೇಕಾದ ಬಾಕಿ.

ಹಕ್ಕನ್ನ ಹೆಂಗ ಅಳಿಬೇಕು ಅನ್ನೋದಕ್ಕ ದಾರಿ ಅದ. ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಅಂತಾರಾಷ್ಟ್ರೀಯ ಒಪ್ಪಂದಕ್ಕ ಭಾರತ 1979ರಾಗ ಸೇರ್ಯಾದ. ಕೈಯಾಗ ಇದ್ದಷ್ಟು ಸಂಪನ್ಮೂಲ ಪೂರಾ ಹಚ್ಚಿ ಹಂತ ಹಂತವಾಗಿ ಹಕ್ಕು ಕೊಡಬೇಕು ಅಂತ ಅದ್ರಾಗ ಅದ. ಅದಕ್ಕ ಬಡ ದೇಶಕ್ಕೂ ಸಿರಿವಂತ ದೇಶಕ್ಕೂ ಒಂದೇ ಅಳತಿ ಹಚ್ಚಂಗಿಲ್ಲ. ಇಷ್ಟು ಆದಾಯದಾಗ ಎಷ್ಟು ಆಗಬಹುದಿತ್ತು, ಎಷ್ಟಾತು ಅಂತ ಹೋಲಿಸೋ ಸೂಚ್ಯಂಕನೂ ಸಂಶೋಧಕಿ ಸಕಿಕೊ ಫುಕುದಾ-ಪಾರ್ ಮತ್ತ ಅವ್ರ ಜೊತಿಗಾರರು ಮಾಡ್ಯಾರ. 2012ರಾಗ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಒಂದು ಕೈಪಿಡಿ ತಂದದ, ಅದ್ರಾಗಿನ ಮೂರು ಪ್ರಶ್ನೆ ನೀ ತಗೋ: ಕಾನೂನು ಐತೇನು, ಅದಕ್ಕಾಗಿ ಕೆಲಸ ನಡದದೇನು, ಜನರ ಬಾಳ್ವಿ ಬದ್ಲಾಗ್ಯದೇನು.

ಇದನ್ನ ನಿಮ್ಮ ತಾಂಡಾದ ಸಾಲಿಗಿ ಹಚ್ಚಿ ನೋಡು. ಕಾನೂನು ಐತಿ, ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿ. ಕೆಲಸ ಅಂದ್ರ ಮಾಸ್ತರ್ ಎಷ್ಟು ಮಂದಿ ಅದಾರ, ಅವ್ವ-ಅಪ್ಪ ಗುಳೆ ಹೋದಾಗ ಮಕ್ಕಳು ಉಳಿಲಾಕ ಹಾಸ್ಟೆಲ್ ಐತೇನು. ಬಾಳ್ವಿ ಅಂದ್ರ ಆ ಹುಡುಗಿ ಹದಿನಾಲ್ಕು ತುಂಬೋದ್ರಾಗ ಒಂದು ಪುಟ ತಡವರಿಸ್ದೆ ಓದ್ತಾಳೇನು. ಮಳಿ ಹೋಗಿ ಕೆಲಸ ಮುಗೀತು ಅಂದ್ರ ಮನಿಗಿ ಕೀಲಿ ಹಾಕಿ ಬೆಂಗಳೂರು, ಮುಂಬೈ, ಹೈದರಾಬಾದ್ ಅಂತ ಹೋಗ್ತಾರಲ್ಲ, ಆಗ ಮಗುವಿನ ಹೆಸರು ದಾಖಲಾತಿ ಪುಸ್ತಕದಾಗ ಇರ್ತದ, ಮಗು ಯಾವ್ದೋ ಬಿಲ್ಡಿಂಗ್ ಕೆಲಸದ ಜಾಗದಾಗ ತಮ್ಮನ್ನ ಎತ್ಕೊಂಡು ಕುಂತಿರ್ತದ. ದಾಖಲಾತಿ ಎಣಿಸಿದ್ರ ಹಕ್ಕು ಸಿಕ್ಕಂಗೇ ಕಾಣ್ತದ. ನಿನ್ನ ಲೇಖನದಾಗ ಗುಳೆ ಅನ್ನೋ ಶಬ್ದ ಒಮ್ಮೆನೂ ಬಂದಿಲ್ಲ, ನನಗ ಎಲ್ಲಕ್ಕಿಂತ ಜಾಸ್ತಿ ಬ್ಯಾಸರ ಆಗಿದ್ದು ಅದಕ್ಕೇ.

ದೌರ್ಜನ್ಯದ ಕೇಸು ಹೆಚ್ಚಾದ್ವು, ಅಂದ್ರ ಹಕ್ಕು ಕುಸಿದ್ವು ಅಂತ ಮೂರನೇ ಪುಟದಾಗ ಬರ್ದೀದಿ. ಇರಬಹುದು, ಇರ್ಲಿಕ್ಕೂ ಇಲ್ಲ. ಕೇಸು ಅಂದ್ರ ನಡದ ಅನ್ಯಾಯ ಅಲ್ಲ, ಠಾಣಾದಾಗ ಬರಕೊಂಡ ಅನ್ಯಾಯ. ಒಂದೂ ಕೇಸಿಲ್ಲದ ಊರಾಗ ಠಾಣಾದ ಮೆಟ್ಲು ಹತ್ತೋ ಧೈರ್ಯಾನೇ ಯಾರಿಗೂ ಇಲ್ದಿರಬಹುದು. ಅದಕ್ಕ ಮನಿ ಮನಿಗಿ ಹೋಗಿ ಕೇಳೋ ಸಮೀಕ್ಷೆ ಜೋಡಿ ಇಟ್ಟು ನೋಡ್ಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೋರು ಗಂಡನ ಹೊಡೆತದ ಬಗ್ಗೆ ಹೆಣ್ಮಕ್ಕಳನ್ನೇ ನೇರ ಕೇಳ್ತಾರ, ಅವ್ರು ಕಂಪ್ಲೇಂಟ್ ಕೊಟ್ಟಿರ್ಲಿ ಬಿಡ್ಲಿ.

ಯಾದಗಿರಿ ಸಾಕ್ಷರತೆ 51.83 ಅಂತ ಬರ್ದಿ, ವರ್ಷ ಬರ್ದಿಲ್ಲ. ಅದು 2011ರ ಜನಗಣತಿದ್ದು, ಆಗ ರಾಜ್ಯದ್ದು 75.36. 2021ರ ಜನಗಣತಿ ಆಗ್ಲೇ ಇಲ್ಲ. 2011ರಾಗ ಒಂದನೇ ಕ್ಲಾಸಿನಾಗ ಇದ್ದೋರು ಈಗ ಓಟು ಹಾಕ್ತಾರ, ನೀನೂ ಅವ್ರಾಗ ಒಬ್ಬಾಕಿ ಇರ್ಬೇಕು. ಆ ನಂಬರ್ ಪಕ್ಕ 'ನಾಚಿಕೆಗೇಡು' ಅಂತ ಹಾಕೀದಿ, ಆ ಶಬ್ದ ತಗದುಹಾಕು. ಓದ್ಲಾಕ ಬರದ ನಿಮ್ಮ ಅಜ್ಜಿ ಯಾವ ತಪ್ಪೂ ಮಾಡಿಲ್ಲ, ಆಕಿ ಕಾಲಕ್ಕ ಆಕಿಗಿ ಸಾಲಿ ಕೊಟ್ಟಿಲ್ಲ.

ಅಂಕಿ ಹಿಡ್ಕೊಂಡು ಹೋರಾಡಿದ್ರ ಏನಾಗ್ತದ ಅಂತ ನಮ್ಮಲ್ಲೇ ಉದಾಹರಣಿ ಅದ, ನೀ ಅದನ್ನ ಮುಟ್ಟಿಲ್ಲ. ಪ್ರಾದೇಶಿಕ ಅಸಮತೋಲನ ನೋಡ್ಲಾಕ ಸರ್ಕಾರ ಮಾಡಿದ್ದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಾಗ ವರದಿ ಕೊಟ್ಟಿತು, 35 ಸೂಚಕ ಹಿಡ್ಕೊಂಡು ರಾಜ್ಯದ 175 ತಾಲೂಕು ಅಳೆದು 114 ಹಿಂದುಳಿದಾವ ಅಂತ ಹೇಳ್ತು, ಅದ್ರಾಗ ಅತ್ಯಂತ ಹಿಂದುಳಿದ 39ರಾಗ 21 ನಮ್ಮ ಗುಲ್ಬರ್ಗ ವಿಭಾಗದ್ವು. ನಾವು ಹಿಂದ ಅದೀವಿ ಅಂತ ಮೊದ್ಲಿಂದ ಎಲ್ಲಾರೂ ಅಂತಿದ್ರು, ತಾಲೂಕಿನ ಹೆಸರು ಹಿಡದು ತೋರ್ಸಿದ ಮ್ಯಾಲ ಅಲ್ಲ ಅನ್ನೋದು ಯಾರಿಗೂ ಸುಲಭ ಆಗ್ಲಿಲ್ಲ. ಮುಂದ 2012ರಾಗ ಸಂವಿಧಾನಕ್ಕ 98ನೇ ತಿದ್ದುಪಡಿ ಆಗಿ, ನಮ್ಮ ಭಾಗಕ್ಕ ವಿಶೇಷ ಸ್ಥಾನಮಾನ ಕೊಡೋ 371ಜೆ ಬಂತು. ಇದಕ್ಕ ಒಂದು ಪೂರಾ ಪುಟ ಕೊಡು, ಬೇಕಾದ್ರ ಪೀಠಿಕೆ ಪೂರಾ ಕತ್ತರಿಸಿ ಹಾಕು.

ದೀಪಾವಳಿ ಆಗಿ ಹದಿನೈದು ದಿನಕ್ಕ, ಗುಳೆ ಹೋಗೋ ಹೊತ್ತಿಗಿ, ನಿಮ್ಮ ತಾಂಡಾದ ಸಾಲಿಗಿ ಹೋಗು. ದಾಖಲಾತಿ ಎಷ್ಟು, ಆವತ್ತಿನ ಹಾಜರಿ ಎಷ್ಟು, ಬಿಸಿಯೂಟಕ್ಕ ಕುಂತ ತಲಿ ಎಷ್ಟು, ಮೂರೂ ಬರ್ಕೋ. ಮಾಸ್ತರ್‌ಗಿ ಮೊದ್ಲೇ ಕೇಳಿ ಹೋಗು, ಬ್ಯಾಡ ಅಂದ್ರ ಒತ್ತಾಯ ಮಾಡಬ್ಯಾಡ. ಮಕ್ಕಳ ಹೆಸರು ಹಾಕಬ್ಯಾಡ. ಕಳ್ಸಿದ ಮ್ಯಾಲ ನಾನೇ ಫೋನ್ ಮಾಡ್ತೀನಿ, ಕಲಬುರಗಿಗಿ ಬಂದಾಗ ಕುಂತು ತಿದ್ದಮು.